ಕೈ ನಿಲ್ಲಬಾರದು

ಬಜಗೋಳಿ
12-8-1977

ಪ್ರೀತಿಯ ಗುಣಕ್ಕನಿಗೆ ವಿನೋದಾ ಮಾಡುವ ವಂದನೆಗಳು.

ಸುಖವಾಗಿ ಮನೆ ಮುಟ್ಟಿದೆ. ಉಡುಪಿಯಿಂದ ಕಾರ್ಕಳದವರೆಗೆ ಕೂರಲು ಜಾಗ ಸಿಕ್ಕಿತು, ಅಲ್ಲಿಂದ ಬಜಗೋಳಿಗೆ ನಿಂತೇ ಬಂದೆ. ಕುದುರೆಮುಖಕ್ಕೆ ಹೋಗುವ ಲಾರಿಗಳು ರಸ್ತೆಯನ್ನು ಉತ್ತ ಗದ್ದೆ ಮಾಡಿ ಇಟ್ಟಿವೆ. ಪ್ರತಿ ಹೊಂಡಕ್ಕೂ ಈಗ ಹೆಗಲು ಕೂಗುತ್ತದೆ ಎಂದು ಹಲ್ಲು ಕಚ್ಚಿದೆ, ಕೂಗಲಿಲ್ಲ. ನಿನ್ನೆ ಶಾಲೆಯಲ್ಲಿ ಕರಿಹಲಗೆಯ ಮೇಲಿನ ತುದಿಯವರೆಗೂ ಕೈ ಎತ್ತಿ ಬರೆದೆ. ಬಸ್ಸಿನ ಮೆಟ್ಟಿಲಿನಿಂದ ಬಿದ್ದ ಮೇಲೆ ಮೂರು ತಿಂಗಳು ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದವಳು ನಾನು. ಮೂರನೇ ಕ್ಲಾಸಿನ ಮಕ್ಕಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿಮಗೆ ಸೇರಬೇಕಾದದ್ದು.

ಇನ್ನೊಂದು ವಿಷಯಕ್ಕಾಗಿ ಇದನ್ನು ಇನ್‌ಲ್ಯಾಂಡಿನಲ್ಲಿ ಬರೆಯದೆ ಲಕೋಟೆಯಲ್ಲಿ ಹಾಕಿದ್ದೇನೆ. ನಮ್ಮ ಅಂಚೆಯಣ್ಣನಿಗೆ ಇನ್‌ಲ್ಯಾಂಡನ್ನು ಬೆಳಕಿಗೆ ಹಿಡಿಯುವ ಚಟ ಉಂಟು.

ವಿಠಲ ಡಾಕ್ಟರ ಕ್ಲಿನಿಕ್ಕಿನಲ್ಲಿ ನೀವು ನನಗೆ ಎಣ್ಣೆ ಹಾಕಿದ ಒಂಬತ್ತನೆಯ ದಿನ ನೆನಪುಂಟಾ? ಬಿಸಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಗಂಟನ್ನು ಬೆನ್ನಿಗೆ ಒತ್ತುತ್ತಾ "ಬಿಸಿ ತಾಗಿತಾ ಟೀಚರೇ?" ಎಂದು ಕೇಳಿದಿರಿ. ಇಲ್ಲ ಎಂದೆ. ಸ್ವಲ್ಪ ಆಚೆ ಒತ್ತಿ "ಇಲ್ಲಿ?" ಎಂದಿರಿ. ಹೌದು ಎಂದೆ. ಮತ್ತೆ ಮೊದಲಿನ ಜಾಗ. ಇಲ್ಲ ಎಂದೆ. ಅಷ್ಟೆ. ನಿಮ್ಮ ಮನೆಯ ಬೆಕ್ಕು ಮೀನಿನ ಸಾರಿಗೆ ತಲೆ ಹಾಕಿದ ಕಥೆಯನ್ನು ಎಲ್ಲಿ ಬಿಟ್ಟಿದ್ದಿರೋ ಅಲ್ಲಿಂದಲೇ ಮುಂದುವರಿಸಿದಿರಿ, ಉಜ್ಜುತ್ತಲೇ ಇದ್ದಿರಿ. ಮರುದಿನ ವಿಠಲ ಡಾಕ್ಟರು ಮಣಿಪಾಲಕ್ಕೆ ಚೀಟಿ ಬರೆದುಕೊಟ್ಟರು. ಅಲ್ಲಿಯ ಚರ್ಮದ ಡಾಕ್ಟರು ಹೆಸರು ಹೇಳಿದ ಮೇಲೆಯೇ ನನಗೆ ತಿಳಿದದ್ದು, ಬಲ ಹೆಗಲಿನ ಕೆಳಗೆ ಎಂಟಾಣೆಯಷ್ಟು ಅಗಲದ ಆ ಬಿಳಚು ಕಲೆಯಲ್ಲಿ ನಿಮ್ಮ ಕೈಗೆ ಸಿಕ್ಕಿದ್ದು ದೊಡ್ಡ ರೋಗ, ಕುಷ್ಠ ಎಂದು. ಈ ಹೆಸರನ್ನು ಇದೊಂದು ಸಲ ಮಾತ್ರ ಬರೆಯುತ್ತೇನೆ. ಇನ್ನೊಬ್ಬರಿಗೆ ಹರಡುವ ಬಗೆಯದ್ದಲ್ಲ, ಬೇಗ ಸಿಕ್ಕಿತು, ಎರಡು ವರ್ಷ ಬಿಳಿ ಮಾತ್ರೆ ನುಂಗಿದರೆ ಹೋಗುತ್ತದೆ ಎಂದರು.

ನಿಮ್ಮ ಕೈ ನಿಲ್ಲಲಿಲ್ಲ ಗುಣಕ್ಕ. ಗೊತ್ತಾದ ಮೇಲೂ ಹನ್ನೆರಡು ದಿನ ಅದೇ ಜಾಗದ ಮೇಲೆ, ಬೇರೆ ಜಾಗದ ಮೇಲೆ ಹೇಗೋ ಹಾಗೆಯೇ, ಹೋಗಿ ಬಂತು. ಮಣಿಪಾಲದಿಂದ ವಾಪಸು ಬರುವಾಗ ಬಾವಿಗೆ ಹಾರುವ ಯೋಚನೆ ಬಂದದ್ದು ಸುಳ್ಳಲ್ಲ. ಮರುದಿನ ನಿಮ್ಮ ಹಲಗೆಯ ಮೇಲೆ ಮಲಗಿದಾಗ ಅದು ಹೋಯಿತು.

ನಮ್ಮ ಅಮ್ಮನಿಗೂ ಹೇಳಿಲ್ಲ. ಗೊತ್ತಿರುವುದು ಇಬ್ಬರು ಡಾಕ್ಟರಿಗೆ, ನಿಮಗೆ, ನನಗೆ. ಮಣಿಪಾಲಕ್ಕೆ ನೀವು ಜೊತೆಗೆ ಕಳಿಸಿದ ಆಯಾ ಆನಿಬಾಯಿ "ತುರಿಕೆಯಾ?" ಎಂದು ಕೇಳಿದಳು. ಹೂಂ ಎಂದೆ.

ಹೆಗಲಿನ ಎಣ್ಣೆ ಇನ್ನೊಂದು ಬಾಟಲಿ ಬೇಕಿತ್ತು. ಹೇಗೆ ತರಿಸಿಕೊಳ್ಳುವುದು?

ನಿಮ್ಮ
ವಿನೋದಾ


ಕಾಪು
20-8-1977

ವಿನೋದಾ ಟೀಚರಿಗೆ ಗುಣವತಿ ಬರೆಯುವುದು.

ನನ್ನ ಅಕ್ಷರ ನೋಡಿ ನಗಬೇಡ. ಏಳನೇ ಕ್ಲಾಸು, ಅದರಲ್ಲೂ ಎರಡು ಸಲ ಕೂತದ್ದು. ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದೆಯೋ, ಇನ್ನೊಂದು ಕಾಗದ ನನ್ನಿಂದ ಬರುವುದಿಲ್ಲ, ಹೇಳಿದ್ದೇನೆ.

ಬಾವಿಯ ಮಾತು ಎತ್ತಿದೆಯಲ್ಲ, ಎದುರಿಗೆ ಇದ್ದಿದ್ದರೆ ಕಿವಿ ಹಿಂಡುತ್ತಿದ್ದೆ. ಎಂತ ಹುಡುಗಿ ಮಾರಾಯ್ತಿ ನೀನು! ಎಂಟಾಣೆಯಷ್ಟು ಜಾಗಕ್ಕೆ ಆರಡಿ ಹುಡುಗಿ ಬಾವಿಗಾ?

ಕೈ ನಿಲ್ಲಲಿಲ್ಲ ಎಂದು ಬರೆದಿದ್ದಿ. ಅದು ನನ್ನ ದೊಡ್ಡಸ್ತಿಕೆ ಅಲ್ಲ, ಅಮ್ಮ ಕಲಿಸಿದ್ದು. ನಮ್ಮ ಅಮ್ಮ ಕಾಪುವಿನ ಅರ್ಧ ಊರಿನ ಬಾಣಂತಿಯರನ್ನು ಮೀಯಿಸಿದವಳು. ನಾನು ಗಂಡ ಸತ್ತು ತವರಿಗೆ ಬಂದಾಗ, ಅಳುತ್ತಾ ಕೂತರೆ ಹೊಟ್ಟೆ ತುಂಬುವುದಿಲ್ಲ ಎಂದು ಅಂಗೈಗೆ ಎಣ್ಣೆ ಹೊಯ್ದಳು. ಎರಡೇ ಮಾತು ಹೇಳಿದಳು. ಒಂದು, ಮೈಯ ಮೇಲೆ ಇಟ್ಟ ಕೈ ನಿಲ್ಲಬಾರದು. ನಿಂತರೆ ಮಲಗಿದವಳಿಗೆ ಜೀವ ಹಾರುತ್ತದೆ, ಇವಳಿಗೆ ಎಂತದೋ ಸಿಕ್ಕಿತು ಅಂತ. ಎರಡು, ಹೆಸರು ಹಿಟ್ಟು ಹಾಕಿ ಕೈ ತೊಳೆಯದೆ ಹೊಸ್ತಿಲು ದಾಟಬಾರದು. ಎಣ್ಣೆಯ ಜೊತೆ ಆ ಮೈಯ ಸುದ್ದಿಯೂ ಚರಂಡಿಗೆ ಹೋಗಬೇಕು. ಹದಿನಾರು ವರ್ಷ ಆಯ್ತು, ಹಾಗೆಯೇ ಮಾಡಿಕೊಂಡು ಬಂದಿದ್ದೇನೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನ್ನ ಕೈ ಎಣ್ಣೆ ಆದದ್ದೇ ಬಂತು, ಮೊಸರು ಇನ್ನೂ ಕಾಣಲಿಲ್ಲ ಅಷ್ಟೆ.

ನಿನ್ನ ಸುದ್ದಿಯೂ ಚರಂಡಿಗೆ ಹೋಗಿ ಆಯ್ತು. ಇನ್ನು ಅದರ ಮಾತು ಬೇಡ. ಒಂದು ಮಾತ್ರ. ಮಾತ್ರೆ ತಿನ್ನುತ್ತಾ ಹೋದರೆ ಕೆಲವರಿಗೆ ಆ ಜಾಗಕ್ಕೆ ಬಿಸಿ ತಿಳಿಯಲು ಸುರುವಾಗುತ್ತದಂತೆ. ಯಾವತ್ತು ನಿನಗೆ ಅಲ್ಲಿ ಬಿಸಿ ತಾಗುತ್ತದೋ ಅವತ್ತು ಮೊದಲು ನನಗೆ ಬರೆ. ಡಾಕ್ಟರಿಗೆ ಆಮೇಲೆ. ಕಂಡುಹಿಡಿದವಳು ನಾನು ಅಲ್ವಾ, ಆ ಸುಖ ನನಗೆ ಬೇಕು.

ಎಣ್ಣೆ ನನ್ನ ತಮ್ಮ ಕರುಣಾಕರನ ಕೈಯಲ್ಲಿ ಕಳಿಸುತ್ತೇನೆ. ಉಡುಪಿಯಿಂದ ಕಾರ್ಕಳದ ಮೇಲೆ ನಿಮ್ಮ ಬಜಗೋಳಿಗೆ ಬರುವ ಬಸ್ಸಿನಲ್ಲಿ ಅವನೇ ಕಂಡಕ್ಟರ್. ಶನಿವಾರ ಶಾಲೆ ಬಿಟ್ಟ ಮೇಲೆ ಸ್ಟಾಪಿನಲ್ಲಿ ನಿಲ್ಲು. ಸ್ವಲ್ಪ ಜಂಬದವನು, ಬೇಜಾರು ಮಾಡಬೇಡ.

ಗುಣವತಿ


ಬಜಗೋಳಿ
22-1-1978

ಪ್ರೀತಿಯ ಗುಣಕ್ಕ,

ಈ ಸಲದ ಎಣ್ಣೆಯೂ ಸಿಕ್ಕಿತು. ನಿಮ್ಮ ತಮ್ಮ ಜಂಬದವರಲ್ಲ, ಜಗಳದವರು. ಖಾಲಿ ಬಾಟಲಿ ತೊಳೆದು ಕೊಟ್ಟರೆ "ಮುಚ್ಚಳ ಎಲ್ಲಿ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೇಳಿದರು. ಮುಚ್ಚಳ ನನ್ನ ಕೈಯಲ್ಲೇ ಇತ್ತು. ಪ್ರಯಾಣಿಕರೆಲ್ಲ ನಕ್ಕರು. ನನ್ನ ಶಿಷ್ಯರ ಎದುರಿಗೆ ನನ್ನ ಮಾನ ಹೋಯಿತು.

ಮಾತ್ರೆ ತಪ್ಪಿಸಿಲ್ಲ. ಬಿಸಿ ಇನ್ನೂ ತಾಗುವುದಿಲ್ಲ. ಪ್ರತಿ ಆದಿತ್ಯವಾರ ಸ್ನಾನದಲ್ಲಿ ನೋಡುತ್ತೇನೆ.

ವಿನೋದಾ


ಕಾಪು
6-11-1978

ವಿನೋದಾ,

ನನಗೊಂದು ಲೆಕ್ಕ ಹೇಳಿಕೊಡು, ಟೀಚರ್ ಅಲ್ವಾ ನೀನು. ಒಂದು ಹೆಗಲಿಗೆ ಒಂದು ಬಾಟಲಿ ಎಣ್ಣೆ ಎರಡು ತಿಂಗಳು ಬರಬೇಕು. ನಮ್ಮ ಕರುಣ ಪ್ರತಿ ಶನಿವಾರ "ಎಣ್ಣೆ ಕೊಡು, ಟೀಚರಿಗೆ ಬೇಕಂತೆ" ಎನ್ನುತ್ತಾನೆ. ಆ ಎಣ್ಣೆಯನ್ನು ನೀನು ಹೆಗಲಿಗೆ ಹಚ್ಚುತ್ತೀಯೋ, ದೋಸೆಗೆ ಹಾಕುತ್ತೀಯೋ?

ಮೊನ್ನೆ ಅವನ ಅಂಗಿ ಒಗೆಯುವಾಗ ಕಿಸೆಯಲ್ಲಿ ಸೀಮೆಸುಣ್ಣ ಸಿಕ್ಕಿತು. ಕಂಡಕ್ಟರನ ಕಿಸೆಯಲ್ಲಿ ಸೀಮೆಸುಣ್ಣ! ಕೇಳಿದರೆ ಮುಖ ಕೆಂಪು. ಅಮ್ಮನಿಗೆ ನಾನು ಹೇಳಲಿಲ್ಲ. ಹೇಳುವ ದಿನ ಬಂದರೆ ಎಲ್ಲರಿಗಿಂತ ಮೊದಲು ಹೇಳುವವಳು ನಾನೇ. ನನಗೆ ಇನ್ನೇನು ಬೇಕು, ಹೇಳು?

ನಿನ್ನ ಗುಣಕ್ಕ


ಬಜಗೋಳಿ
18-3-1979

ಪ್ರೀತಿಯ ಗುಣಕ್ಕ,

ಇದೂ ಲಕೋಟೆಯ ಕಾಗದ. ನೀವು ಗೇಲಿ ಮಾಡುತ್ತಾ ಇದ್ದದ್ದು ನಿಜವಾಯಿತು. ಕರುಣಾಕರರು ಕೇಳಿದರು. ಬಸ್ಸು ಹೊರಡಲು ಸೀಟಿ ಊದಿ, ಆಮೇಲೆ ಕೇಳಿದರು. ಉತ್ತರ ಹೇಳುವ ಮೊದಲೇ ಬಸ್ಸು ಹೋಯಿತು. ಮುಂದಿನ ಶನಿವಾರದವರೆಗೆ ನನ್ನ ಅವಸ್ಥೆ ಏನಾಗಿರಬಹುದು ನೀವೇ ಯೋಚಿಸಿ. ಮುಂದಿನ ಶನಿವಾರ ಹೂಂ ಎಂದೆ.

ಬಿಸು ಹಬ್ಬ ಕಳೆದ ಮೇಲೆ ನಿಮ್ಮ ಅಮ್ಮನನ್ನು ಕರಕೊಂಡು ಮನೆಗೆ ಬರುತ್ತಾರಂತೆ. ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ಮಣಿಪಾಲಕ್ಕೆ ಹೋಗಿದ್ದೆ. ಗುಣವಾದ ಹಾಗೆಯೇ, ಮಳೆಗಾಲದ ಆಟಿ ತಿಂಗಳು ಕಳೆದ ಮೇಲೆ ಮಾತ್ರೆ ನಿಲ್ಲಿಸುವ, ಮದುವೆಗೆ ಮಕ್ಕಳಿಗೆ ಏನೂ ತೊಂದರೆ ಇಲ್ಲ ಎಂದರು. ಆದರೂ ಮುಚ್ಚಿಟ್ಟು ಮದುವೆ ಆಗುವವಳು ನಾನಲ್ಲ. ಅವರು ಬಂದ ದಿನ, ಅವರ ಮುಖ ನೋಡಿ, ನನ್ನ ಬಾಯಿಯಲ್ಲೇ ಹೇಳುತ್ತೇನೆ. ಬೇಡ ಎಂದರೆ ನನ್ನ ಎದುರಿಗೆ ಬೇಡ ಎನ್ನಲಿ. ಅಲ್ಲಿಯವರೆಗೆ ನೀವು ಹೇಳಬಾರದು. ಇದೊಂದನ್ನು ನನಗೆ ಬಿಟ್ಟುಕೊಡಿ ಗುಣಕ್ಕ. ಇನ್ನೊಬ್ಬರ ಬಾಯಿಂದ ಕೇಳಿದರೆ ಅದು ರೋಗ. ನನ್ನ ಬಾಯಿಂದ ಕೇಳಿದರೆ ಗುಣವಾದ ರೋಗ.

ಒಂದೇ ಸಾಲು ಬರೆಯಿರಿ, ಸಾಕು.

ವಿನೋದಾ


ಕಾಪು
25-3-1979

ವಿನೋದಾ,

ಆಯ್ತು. ನನ್ನ ಬಾಯಿ ಬಿಡುವುದಿಲ್ಲ. ಅಮ್ಮನ ಆಣೆ.

ಗುಣಕ್ಕ


ಕಾಪು
30-4-1979

ವಿನೋದಾಳಿಗೆ,

ಇಲ್ಲಿ ಎಲ್ಲರೂ ಸೌಖ್ಯ. ಬಿಸು ಕಳೆಯಿತು. ಅಮ್ಮನಿಗೆ ಸೊಂಟ ನೋವು ಜಾಸ್ತಿ, ಬಜಗೋಳಿಗೆ ಬರಲು ಆಗಲಿಲ್ಲ. ಮತ್ತೆ, ಜಾತಕ ಕೂಡಿ ಬರುವುದಿಲ್ಲ ಎಂದು ಜೋಯಿಸರು ಹೇಳಿದರಂತೆ. ಇಂಥದ್ದಕ್ಕೆಲ್ಲ ಋಣ ಬೇಕು. ಕರುಣನನ್ನು ಬಸ್ಸಿನ ಧಣಿಗಳು ಕುಂದಾಪುರ ಲೈನಿಗೆ ಹಾಕಿದ್ದಾರೆ, ಹಾಗಾಗಿ ಇನ್ನು ಎಣ್ಣೆ ಕಳಿಸಲು ಕಷ್ಟ. ಕಾರ್ಕಳದಲ್ಲೂ ಒಳ್ಳೆ ಎಣ್ಣೆ ಸಿಗುತ್ತದೆ.

ಆರೋಗ್ಯ ನೋಡಿಕೋ.

ಗುಣವತಿ


ಬಜಗೋಳಿ
6-5-1979

ಪ್ರೀತಿಯ ಗುಣಕ್ಕ,

ಯಾವ ಜಾತಕ?

ನನಗೆ ಜಾತಕವೇ ಇಲ್ಲ. ನಾನು ಹುಟ್ಟಿದ ವರ್ಷ ನೆರೆ ಬಂದು ಮನೆಯ ಪೆಟ್ಟಿಗೆ ಹೋಯಿತು, ಅದರಲ್ಲಿ ಬರೆದಿಟ್ಟದ್ದೂ ಹೋಯಿತು. ಅಮ್ಮನಿಗೆ ನೆನಪಿರುವುದು ಇಷ್ಟೇ: ನಾನು ಹುಟ್ಟಿದ ದಿನವೇ ನಮ್ಮ ಕೆಂಪು ದನವೂ ಕರು ಹಾಕಿತ್ತು. ನಿಮ್ಮ ಜೋಯಿಸರು ಕರುವಿನ ಜಾತಕ ನೋಡಿದರಾ?

ಬೇಡವಾದರೆ ಬೇಡ ಎನ್ನಿ, ನಾನು ಕಲ್ಲಲ್ಲ, ಆದರೂ ತಡಕೊಳ್ಳುತ್ತೇನೆ. ಆದರೆ ಮೂರು ಶನಿವಾರ ಸ್ಟಾಪಿನಲ್ಲಿ ನಿಂತೆ ಗುಣಕ್ಕ. ಮೂರನೆಯ ಶನಿವಾರ ಹೊಸ ಕಂಡಕ್ಟರ್ ನನ್ನನ್ನು ನೋಡಿ "ಹತ್ತುವುದುಂಟಾ, ಇಲ್ವಾ?" ಎಂದು ಗದರಿಸಿದ.

ಯಾರಾದರೂ ಏನಾದರೂ ಹೇಳಿದರಾ? ನಿಮಗೆ ಗೊತ್ತಿದ್ದರೆ ನನಗೆ ಹೇಳುತ್ತಿದ್ದಿರಿ ಎಂದು ಗೊತ್ತುಂಟು. ಆದರೂ ಕೇಳುತ್ತೇನೆ.

ವಿನೋದಾ


ಬಜಗೋಳಿ
2-8-1979

ಪ್ರೀತಿಯ ಗುಣಕ್ಕ,

ನನ್ನ ಹಿಂದಿನ ಕಾಗದಕ್ಕೆ ಉತ್ತರ ಇಲ್ಲ. ನಿಮ್ಮ ಅಮ್ಮನ ಆರೈಕೆಯಲ್ಲಿ ಕೈ ಬಿಡುವಿಲ್ಲ ಎಂದುಕೊಂಡಿದ್ದೇನೆ. ಈಗ ನನಗೆ ನೀವಲ್ಲದೆ ಬೇರೆ ಯಾರೂ ಇಲ್ಲ.

ಊರಿಗೆ ಗೊತ್ತಾಯಿತು. ಹೇಗೆ ಎಂದು ಕೇಳಬೇಡಿ. ಜೂನಿನಲ್ಲಿ ಶಾಲೆ ಸುರುವಾದಾಗ ಮೊದಲು ಟೀಚರುಗಳ ಕೋಣೆಯಲ್ಲಿ ನನ್ನ ಲೋಟ ಕಿಟಕಿಯ ಮೇಲೆ ಬೇರೆಯೇ ಕೂತಿತು. ಆಮೇಲೆ ಮೂರನೇ ಕ್ಲಾಸಿನಿಂದ ಏಳು ಮಕ್ಕಳು ಬರಲಿಲ್ಲ. ಒಬ್ಬಳ ತಂದೆ ಅಂಗಳದಲ್ಲಿ ನಿಂತು, "ಟೀಚರೇ, ನಿಮಗೆ ಬೇಜಾರು ಆಗಬಾರದು, ನಮ್ಮ ಮಗುವಿನ ಸ್ಲೇಟು ನೀವು ಮುಟ್ಟಬೇಡಿ" ಎಂದ. ಬೇಜಾರು ಆಗಬಾರದಂತೆ! ಹೆಡ್‌ಮಾಸ್ಟರ್ ಗಣಪ ಮಾಸ್ಟ್ರು ಒಳ್ಳೆಯವರು, ಆದರೆ ಹೆದರುಪುಕ್ಕಲು. ರೋಗ ಇಲ್ಲ ಎಂದು ಡಾಕ್ಟರ ಸರ್ಟಿಫಿಕೇಟು ತರುವವರೆಗೆ ರಜೆ ಹಾಕಿ ಎಂದಿದ್ದಾರೆ. ಅಮ್ಮ ಹದಿನೈದು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ನಾನು ಅವಳಿಗೇ ಹೇಳಲಿಲ್ಲವಲ್ಲ ಎಂಬುದು ಅವಳ ಸಂಕಟ.

ಈಗ ನಿಮ್ಮ ಮನೆಯ ಮದುವೆ ಮಾತು ಯಾಕೆ ಮುರಿಯಿತು ಎಂದು ಅರ್ಥವಾಯಿತು. ನಿಮ್ಮ ಅಮ್ಮನ ಕಿವಿಗೂ ಯಾರೋ ಹಾಕಿದ್ದಾರೆ. ನನಗೆ ನೋವಾಗಬಾರದು ಎಂದು ನೀವು ಜಾತಕದ ಕಥೆ ಕಟ್ಟಿದಿರಿ. ಪಾಪ, ಸುಳ್ಳು ಹೇಳಲು ನಿಮಗೆ ಬರುವುದಿಲ್ಲ.

ಯಾರು ಎಂದು ರಾತ್ರಿ ಹಗಲು ಯೋಚಿಸಿದೆ. ಡಾಕ್ಟರುಗಳಲ್ಲ. ನೀವಲ್ಲ. ಉಳಿದದ್ದು ಆನಿಬಾಯಿ. ಮಣಿಪಾಲದಲ್ಲಿ ನಾನು ಒಳಗೆ ಇದ್ದಾಗ ಚೀಟಿ ಅವಳ ಕೈಯಲ್ಲೇ ಇತ್ತು. ತುರಿಕೆಯಾ ಎಂದು ಏನೂ ಗೊತ್ತಿಲ್ಲದವಳಂತೆ ಕೇಳಿದ್ದೂ ನಾಟಕವೇ. ವಿಠಲ ಡಾಕ್ಟರಿಗೆ ಬರೆದಿದ್ದೇನೆ. ರೋಗಿಯ ಗುಟ್ಟು ಹೊರಗೆ ಹಾಕುವವಳನ್ನು ಇಟ್ಟುಕೊಂಡರೆ ನಾಳೆ ನಿಮ್ಮ ಕ್ಲಿನಿಕ್ಕಿಗೆ ಯಾರು ಬರುತ್ತಾರೆ ಎಂದು ಕೇಳಿದ್ದೇನೆ.

ಆ ಸರ್ಟಿಫಿಕೇಟು ಬೇಗ ಸಿಗುವ ಹಾಗೆ ಮಾಡಿ. ನಿಮಗೆ ಕೈ ಮುಗಿಯುತ್ತೇನೆ.

ವಿನೋದಾ


ಉಡುಪಿ
25-8-1979

ವಿನೋದಾ,

ಮಣಿಪಾಲದ ಡಾಕ್ಟರ ಸರ್ಟಿಫಿಕೇಟು ಇದರೊಟ್ಟಿಗೆ ಇಟ್ಟಿದ್ದೇನೆ. ನಾನೇ ಎರಡು ದಿನ ಹೋಗಿ ಕೂತು ಬರೆಸಿಕೊಂಡು ಬಂದೆ. ಪೂರ್ತಿ ಗುಣ, ಯಾರಿಗೂ ಅಪಾಯ ಇಲ್ಲ ಎಂದು ಉಂಟು. ಮೊಹರು ಉಂಟು.

ಆನಿ ಈಗ ಕ್ಲಿನಿಕ್ಕಿನಲ್ಲಿ ಇಲ್ಲ. ಡಾಕ್ಟರು ಬಿಡಿಸಿದರು.

ಆದದ್ದು ಆಯಿತು. ಊರ ಬಾಯಿ ಮುಚ್ಚಲು ಯಾರಿಂದಲೂ ಆಗುವುದಿಲ್ಲ. ಯಾರು ಹೇಳಿದರು ಎಂದು ಹುಡುಕಿ ಫಲ ಇಲ್ಲ, ಅದನ್ನು ಬಿಡು. ಸರಿಯಾಗಿ ಉಣ್ಣು.

ಗುಣವತಿ


ಬಜಗೋಳಿ
24-2-1980

ಗುಣಕ್ಕ,

ಶಾಲೆಗೆ ಮತ್ತೆ ಹೋಗುತ್ತಿದ್ದೇನೆ. ಏಳರಲ್ಲಿ ನಾಲ್ಕು ಮಕ್ಕಳು ವಾಪಸು ಬಂದಿದ್ದಾರೆ. ಲೋಟ ಈಗಲೂ ಕಿಟಕಿಯ ಮೇಲೆಯೇ. ನಾನೇ ಮನೆಯಿಂದ ಒಂದು ಲೋಟ ಕೊಂಡುಹೋಗುತ್ತೇನೆ.

ನಿನ್ನೆ ಆನಿಬಾಯಿ ನಮ್ಮ ಮನೆಗೆ ಬಂದಿದ್ದಳು. ಕಲ್ಯಾಣಪುರದಿಂದ ಇಲ್ಲಿಗೆ ಮೂರು ಬಸ್ಸು ಬದಲಿಸಿ, ಮೊಣಕಾಲು ಎಳೆದುಕೊಂಡು. ಅಂಗಳದಲ್ಲೇ ನಿಂತಳು, ಒಳಗೆ ಬರಲಿಲ್ಲ. ರೋಗಕ್ಕೆ ಹೆದರಿ ಎಂದುಕೊಂಡೆ. ಅಲ್ಲ. ಸಿಟ್ಟಿಗೆ.

"ಟೀಚರೇ, ನೀವು ಓದಿದವರು. ಒಂದು ಕೇಳ್ತೇನೆ, ಹೇಳಿ. ಆ ಚೀಟಿ ಇಂಗ್ಲಿಷಿನಲ್ಲಿ ಇತ್ತಾ, ಕನ್ನಡದಲ್ಲಿ ಇತ್ತಾ?"

ಇಂಗ್ಲಿಷಿನಲ್ಲಿ ಎಂದೆ.

"ನನಗೆ ಕನ್ನಡವೇ ಓದ್ಲಿಕ್ಕೆ ಬರುವುದಿಲ್ಲ. ಸಂಬಳಕ್ಕೆ ಹೆಬ್ಬೆಟ್ಟು ಒತ್ತುವವಳು ನಾನು. ಗುಣವತಿಗೆ ಅದು ಗೊತ್ತುಂಟು. ಹನ್ನೊಂದು ವರ್ಷದಿಂದ ನನ್ನ ಮಗನ ಕಾಗದ ಓದಿ ಹೇಳುವುದು ಅವಳೇ. ಡಾಕ್ಟರು ನನ್ನನ್ನು ಕೇಳುವಾಗ ಅವಳು ಒಂದು ಮಾತು ಹೇಳಬಹುದಿತ್ತು. ಯಾಕೆ ಹೇಳಲಿಲ್ಲ, ನೀವೇ ಕೇಳಿ."

ನೀರು ತಂದುಕೊಟ್ಟೆ. ನನ್ನ ಲೋಟದಲ್ಲಿ. ಗಟಗಟ ಕುಡಿದು ಹೋದಳು.

ಅವಳ ಪ್ರಶ್ನೆಯನ್ನೇ ಕೇಳುತ್ತಿದ್ದೇನೆ. ಯಾಕೆ ಹೇಳಲಿಲ್ಲ?

ವಿನೋದಾ


ಕಾಪು
9-3-1980

ವಿನೋದಾ,

ಮೂರು ಸಲ ಬರೆದು ಒಲೆಗೆ ಹಾಕಿದೆ. ಇದು ನಾಲ್ಕನೆಯದು.

ಹೋದ ವರ್ಷ ಬಿಸುವಿನ ಹಿಂದಿನ ಆದಿತ್ಯವಾರ. ಅಮ್ಮನ ಸೊಂಟಕ್ಕೆ ಎಣ್ಣೆ ಹಾಕುತ್ತಿದ್ದೆ. ಕರುಣ ಆಗಲೇ ನಿನ್ನ ವಿಷಯ ಹೇಳಿ ಆಗಿತ್ತು. ಅಮ್ಮ ಕವುಚಿ ಮಲಗಿಕೊಂಡೇ ಸುರು ಮಾಡಿದಳು.

"ಆ ಟೀಚರ್ ನಿನ್ನ ಹಲಗೆಯಲ್ಲಿ ಮೂರು ವಾರ ಮಲಗಿದವಳು ಅಲ್ವಾ? ಮೈ ಹೇಗುಂಟು?"

"ಒಳ್ಳೆ ಮೈ."

"ಹೊಟ್ಟೆಯಲ್ಲಿ ಎಂತಾದ್ರೂ?"

"ಎಂತದೂ ಇಲ್ಲ."

"ಮೂರ್ಛೆ ಗೀರ್ಛೆ?"

"ಇಲ್ಲಮ್ಮ."

"ಚರ್ಮ?"

ಕೈ ನಿಂತಿತು.

ಬಾಯಿಂದ ನಾನು ಒಂದು ಮಾತು ಹೇಳಲಿಲ್ಲ, ವಿನೋದಾ. ಅಮ್ಮ ಎದ್ದು ಕೂತಳು, ಸೆರಗು ಹೊದ್ದಳು, ನನ್ನ ಮುಖ ನೋಡಿದಳು. ಮತ್ತೆ ಎಂತದೂ ಕೇಳಲಿಲ್ಲ. ಕಲಿಸಿದವಳು ಅವಳೇ ಅಲ್ವಾ, ಕೈ ನಿಂತರೆ ಎಂತ ಅರ್ಥ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರುಣನಿಗೆ ಅವಳೇ ಹೇಳಿದಳು. ಮದುವೆ ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ ಕಾರ್ಕಳದ ಚಿಕ್ಕಮ್ಮನಿಗೂ ಹೇಳಿದಳು. ಕಾರ್ಕಳಕ್ಕೆ ಹೋದದ್ದು ಬಜಗೋಳಿಗೆ ಬರಲು ಎಷ್ಟು ಹೊತ್ತು?

ಇಲ್ಲಿವರೆಗೆ ಬರೆದು ಎರಡು ದಿನ ಅಕ್ಕಿಯ ಡಬ್ಬದಲ್ಲಿ ಇಟ್ಟಿದ್ದೆ. ಮತ್ತೆ ತೆಗೆದು ಓದಿದೆ. ಕೈ ನಿಂತಿತು ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಹದಿನೆಂಟು ವರ್ಷ ನಿಲ್ಲದ ಕೈ ಅದಾಗಿ ನಿಲ್ಲುವುದಿಲ್ಲ. ನಾನೇ ನಿಲ್ಲಿಸಿದೆ.

ನಿನ್ನ ಬೆನ್ನು ಮುಟ್ಟಿ ಕೈ ತೊಳೆದು ಅದೇ ಕೈಯಲ್ಲಿ ಉಂಡವಳು ನಾನು. ಆಗ ನನಗೆ ಹೇಸಿಗೆ ಆಗಲಿಲ್ಲ, ಹೆದರಿಕೆ ಆಗಲಿಲ್ಲ. ನಮ್ಮ ಕರುಣನ ಮಗು ಎಂದು ಒಂದು ಯೋಚನೆ ಬಂತು ನೋಡು, ಡಾಕ್ಟರು ಹೇಳಿದ್ದೆಲ್ಲ ಎಲ್ಲಿ ಹೋಯಿತೋ. ಬಾಯಿ ಬಿಟ್ಟು ಹೇಳಿದರೆ ಆಣೆ ತಪ್ಪುತ್ತದೆ. ಹೇಳದೆ ಇದ್ದರೆ ಮದುವೆ ಆಗುತ್ತದೆ. ಬಾಯಿ ಬಿಡದೆ ಹೇಳುವ ದಾರಿ ಒಂದು ಇತ್ತು, ಅದು ನನಗೂ ಅಮ್ಮನಿಗೂ ಮಾತ್ರ ಗೊತ್ತಿದ್ದದ್ದು. ಅದೇ ದಾರಿ ಹಿಡಿದೆ. ಹಿಡಿದು, ನಾನು ಮಾತು ತಪ್ಪಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ.

ಆನಿಯ ವಿಷಯ. ಡಾಕ್ಟರು ಅವಳನ್ನು ಕರೆದು ಬೈಯುವಾಗ ನಾನು ಪಕ್ಕದ ಕೋಣೆಯಲ್ಲಿ ಒಬ್ಬರ ಕಾಲಿಗೆ ಎಣ್ಣೆ ಹಾಕುತ್ತಾ ಇದ್ದೆ. ಅವಳು ಏಸುವಿನ ಆಣೆ ಹಾಕಿ ಅಳುವುದು ಗೋಡೆಯ ಈಚೆ ಕೇಳುತ್ತಿತ್ತು. ಆಗ ನನ್ನ ಕೈ ನಿಲ್ಲಲಿಲ್ಲ ನೋಡು.

ಬೈಯಿ. ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಗುಣವತಿ


ಬಜಗೋಳಿ
2-4-1980

ಗುಣವತಿಯವರಿಗೆ,

ಬೈಯುವುದಿಲ್ಲ. ಬೈಗುಳ ಮನೆಯವರಿಗೆ.

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡಬೇಕು ಎನ್ನುತ್ತಾರೆ. ನನ್ನ ಮದುವೆಗೆ ಒಂದು ಸುಳ್ಳೂ ಬೇಕಿರಲಿಲ್ಲ. ನಿಮ್ಮ ಅಮ್ಮ ಎದ್ದು ಕೂತು ನಿಮ್ಮ ಮುಖ ನೋಡಿದಾಗ "ಅವಳಿಗೆ ಗುಣವಾಗಿದೆ" ಎಂಬ ಎರಡು ಮಾತು ಸಾಕಿತ್ತು. ಕೈ ನಿಲ್ಲಿಸಿದ್ದಕ್ಕಿಂತ ಅದು ನನ್ನನ್ನು ಹೆಚ್ಚು ಸುಡುತ್ತದೆ. ಬೇಲಿಯೇ ಎದ್ದು ಹೊಲ ಮೇಯಿತು. ಮಕ್ಕಳಿಗೆ ಗಾದೆ ಬರೆಸುವಾಗ ಇದನ್ನು ಎಷ್ಟು ಸಲ ಬರೆಸಿದ್ದೇನೆ, ಮೊನ್ನೆ ಕರಿಹಲಗೆಯ ಎದುರಿಗೆ ನಿಂತು ಪೂರ್ತಿ ಮಾಡಲು ಆಗಲಿಲ್ಲ.

ಕರುಣಾಕರರು ಬೇಡ ಎನ್ನಬಹುದಿತ್ತು. ನನ್ನ ಎದುರಿಗೆ ಅನ್ನಲಿ ಎಂದು ಮಾತ್ರ ನಾನು ಕೇಳಿದ್ದು. ನೀವು ಅದನ್ನೂ ಕಿತ್ತುಕೊಂಡಿರಿ.

ಆನಿಬಾಯಿಯ ವಿಷಯದಲ್ಲಿ ತಪ್ಪು ನನ್ನದೂ ಹೌದು. ಹೋದ ಆದಿತ್ಯವಾರ ಕಲ್ಯಾಣಪುರಕ್ಕೆ ಹೋಗಿ ಕ್ಷಮೆ ಕೇಳಿ ಬಂದೆ. ಉಡುಪಿಯಿಂದ ಅಲ್ಲಿಗೆ ಹತ್ತಿದ್ದು ಕುಂದಾಪುರದ ಬಸ್ಸು. ಕಂಡಕ್ಟರ್ ನಿಮ್ಮ ತಮ್ಮ. ನನ್ನನ್ನು ನೋಡಿದರು. ಟಿಕೇಟನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದು ಚಾಚಿದರು, ನನ್ನ ಬೆರಳು ತಾಗದ ಹಾಗೆ. ಸೀಮೆಸುಣ್ಣ ತೆಗೆದುಕೊಂಡು ಹೋದ ಕೈಯೇ ಅದು.

ನಿಮ್ಮಿಂದ ಒಂದೇ ಕೆಲಸ ಆಗಬೇಕು. ಆನಿಬಾಯಿ ಯಾರಿಗೂ ಏನೂ ಹೇಳಿಲ್ಲ, ಹೊರಗೆ ಹಾಕಿದ್ದು ನಾನು ಎಂದು ವಿಠಲ ಡಾಕ್ಟರಿಗೆ ನಿಮ್ಮ ಕೈಯಲ್ಲೇ ಬರೆದುಕೊಡಿ. ಬರೆದ ಮೇಲೆ ನನಗೆ ತಿಳಿಸಿ. ಅದಕ್ಕಿಂತ ಹೆಚ್ಚು ಒಂದಕ್ಷರ ಬೇಡ.

ವಿನೋದಾ


ಕಾಪು
20-4-1980

ವಿನೋದಾ ಟೀಚರಿಗೆ,

ಬರೆದುಕೊಟ್ಟೆ. ಆನಿ ಸೋಮವಾರದಿಂದ ಕೆಲಸಕ್ಕೆ ಬರುತ್ತಾಳೆ. ನಾನು ಬಿಟ್ಟಿದ್ದೇನೆ.

ಗುಣವತಿ


ಬಜಗೋಳಿ
13-12-1981

ಗುಣವತಿಯವರಿಗೆ,

ನೀವು ಈಗ ಕಾಪುವಿನಲ್ಲೇ ಬಾಣಂತಿಯರಿಗೆ ಎಣ್ಣೆ ಹಾಕುತ್ತಿದ್ದೀರಿ ಎಂದು ಆನಿಬಾಯಿ ಹೇಳಿದಳು. ನಿಮ್ಮ ಅಮ್ಮ ತೀರಿಕೊಂಡದ್ದೂ, ಕರುಣಾಕರರಿಗೆ ಮದುವೆ ಆದದ್ದೂ ತಿಳಿಯಿತು. ಅದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನಿಮ್ಮ ಮೇಲಿನ ಸಿಟ್ಟು ಹೋಗಿದೆ ಎಂದೂ ತಿಳಿಯಬೇಡಿ. ಹೋಗಿಲ್ಲ. ಹೋಗುವುದೂ ಇಲ್ಲ.

ಈ ಹೊತ್ತು ಬೆಳಿಗ್ಗೆ ಸ್ನಾನಕ್ಕೆ ಕೂತಿದ್ದೆ. ಚಳಿ ಎಂದು ಅಮ್ಮ ಹಂಡೆಯ ನೀರನ್ನು ಹೆಚ್ಚು ಕಾಯಿಸಿದ್ದಳು. ತಂಬಿಗೆಯಲ್ಲಿ ತೆಗೆದು ಬೆನ್ನಿಗೆ ಹೊಯ್ದುಕೊಂಡೆ. ಬಲ ಹೆಗಲಿನ ಕೆಳಗೆ ಚುರ್ ಎಂದು ಸುಟ್ಟಿತು. ಅಯ್ಯಮ್ಮಾ ಎಂದು ಕಿರುಚಿಬಿಟ್ಟೆ. ಅಮ್ಮ ಹೊರಗಿನಿಂದ "ಎಂತ ಆಯ್ತು?" ಎಂದು ಕೂಗಿದಳು. ಕಾಲು ಜಾರಿತು ಎಂದೆ. ಇನ್ನೊಂದು ತಂಬಿಗೆ ಹೊಯ್ದೆ. ಮತ್ತೆ ಸುಟ್ಟಿತು. ಇನ್ನೊಂದು. ನೀರು ಮುಗಿಯುವವರೆಗೆ ಅಲ್ಲಿಗೇ ಹೊಯ್ದುಕೊಂಡು ಅಳುತ್ತಾ ಕೂತೆ.

ಯಾರಿಗೆ ಹೇಳುವುದು? ಅಮ್ಮ ಆ ಮಾತು ಎತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಊರಿನವರಿಗೆ ಹೇಳಿದರೆ ಇನ್ನೂ ಉಂಟಾ ಎಂದು ದೂರ ಸರಿಯುತ್ತಾರೆ. ಅಲ್ಲಿ ಬಿಸಿ ತಾಗುತ್ತಿರಲಿಲ್ಲ ಎಂದು ಕೈಯಾರೆ ಗೊತ್ತಿದ್ದವರು ನೀವೊಬ್ಬರೇ. ಮೊದಲು ನನಗೆ ಬರೆ ಎಂದು ನೀವು ಹೇಳಿದ್ದಿರಿ. ನಾನು ಆಗ ಹೂಂ ಎಂದುಕೊಂಡಿದ್ದೆ.

ಆ ಮಾತು ಉಳಿಸಿಕೊಂಡಿದ್ದೇನೆ. ಉತ್ತರ ಬರೆಯಬೇಡಿ.

ವಿನೋದಾ